ಬಲ್ಕ್ ಪೇಮೆಂಟ್ ಸೇವೆ: ಚೆಕರ್ ಪರದೆಯ ಮೇಲೆ ಏನು ಕಾಣುತ್ತದೆ?

ಸಂಬಳ, ಪಿಂಚಣಿ, ಸರಬರಾಜುದಾರರ ಬಿಲ್ಲು ಎಂದು ಸಾವಿರಾರು ಪಾವತಿಗಳನ್ನು ಒಂದೇ ಫೈಲಿನಲ್ಲಿ ಕಟ್ಟಿ ಬ್ಯಾಂಕಿಗೆ ಒಪ್ಪಿಸುವ ಸೇವೆ ಇದು. ಮಾರಲು ಬಂದವರು ಮೊದಲು ಬಾಯಿ ತೆರೆಯುವುದು ಎನ್‌ಕ್ರಿಪ್ಶನ್ ಬಗ್ಗೆ. ಆ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ದುಡ್ಡು ದಾರಿ ತಪ್ಪುವುದು ಹೆಚ್ಚಾಗಿ ಅದಕ್ಕೂ ಮೊದಲು, ಫೈಲು ತಯಾರಾಗಿ ಎರಡನೆಯವರು ಅನುಮೋದಿಸುವುದರೊಳಗೆ. ಹಾಗಾಗಿ ಈ ಸೇವೆಯನ್ನು ಅಳೆಯಲು ಕೇಳಬೇಕಾದ ಪ್ರಶ್ನೆ ಇಷ್ಟೇ: ಚೆಕರ್ (ಫೈಲನ್ನು ನೋಡಿ ಅನುಮೋದಿಸುವ ಆ ಎರಡನೆಯವರು) 'ಅಪ್ರೂವ್' ಒತ್ತುವ ಗಳಿಗೆಯಲ್ಲಿ ಅವರ ಕಣ್ಣಿಗೆ ಏನು ಬೀಳುತ್ತದೆ?

ಫೈಲು ಕಳಿಸಲು ದಾರಿ ಮೂರು: ಬ್ಯಾಂಕಿನ ವೆಬ್ ಪೋರ್ಟಲ್, ಹೋಸ್ಟ್-ಟು-ಹೋಸ್ಟ್ ಎನ್ನುವ ಎಸ್‌ಎಫ್‌ಟಿಪಿ ಸಂಪರ್ಕ (ಎರಡು ಸರ್ವರ್‌ಗಳ ನಡುವಿನ ಸುರಕ್ಷಿತ ಫೈಲು ರವಾನೆ), ಎಪಿಐ (ಸಾಫ್ಟ್‌ವೇರ್‌ಗಳು ನೇರವಾಗಿ ಮಾತಾಡಿಕೊಳ್ಳುವ ಕೊಂಡಿ). ಪೋರ್ಟಲ್ ಸುಲಭ, ಆದರೆ ಮೂರರಲ್ಲಿ ದುರ್ಬಲ. ಅಕೌಂಟಿಂಗ್ ಸಾಫ್ಟ್‌ವೇರ್‌ನಿಂದ ಇಳಿಸಿದ ಸಿಎಸ್‌ವಿ (ಯಾರು ಬೇಕಾದರೂ ತಿದ್ದಬಹುದಾದ ಸರಳ ಪಠ್ಯದ ಫೈಲು) ಯಾರದೋ ಡೆಸ್ಕ್‌ಟಾಪ್ ಮೇಲೆ ಕೂತಿರುತ್ತದೆ. ಒಂದು ಖಾತೆ ಸಂಖ್ಯೆ ತಿದ್ದಿ ಸೇವ್ ಮಾಡಿದರೆ ಸುಳಿವೂ ಉಳಿಯುವುದಿಲ್ಲ. ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಸೇವ್ ಮಾಡಿದರೆ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳು ಉದುರುತ್ತವೆ, 15 ಅಂಕಿ ದಾಟಿದ ಸಂಖ್ಯೆಯ ಬಾಲ ಸೊನ್ನೆಯಾಗುತ್ತದೆ.

ಹೋಸ್ಟ್-ಟು-ಹೋಸ್ಟ್‌ನಲ್ಲಿ ಮನುಷ್ಯರ ಕೈ ಸೋಕದೆ ಫೈಲು ಹೋಗುತ್ತದೆ, ಅದೇ ಅದರ ಬಲ. ಆದರೆ ಡಿಜಿಟಲ್ ಸಹಿ (ಸಹಿಯ ನಂತರ ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತು) ಎಲ್ಲಿ ಬೀಳುತ್ತದೆ ಎಂದು ನೋಡಿಕೊಳ್ಳಿ. ಅಕೌಂಟಿಂಗ್ ವ್ಯವಸ್ಥೆಯೊಳಗೆ, ಅನುಮೋದನೆಯ ಹೊತ್ತಿಗೇ ಬೀಳಬೇಕು. ಫೋಲ್ಡರಿನಲ್ಲಿ ಕಾದು ಕೂತ ಫೈಲಿಗೆ ಹೊರಡುವ ಮುನ್ನ ಸರ್ವರ್ ಸಹಿ ಹಾಕುವುದಾದರೆ, ನಡುವೆ ತಿದ್ದಿದ ಫೈಲಿಗೂ ಅಷ್ಟೇ ಚೊಕ್ಕವಾದ ಸಹಿ ಸಿಗುತ್ತದೆ. ಇನ್ನೊಂದು ಸಣ್ಣ ವಿಷಯ: ಅಪ್‌ಲೋಡ್ ಆಗುವಾಗ ತಾತ್ಕಾಲಿಕ ಹೆಸರಿಟ್ಟು, ಪೂರ್ತಿ ಹೋದ ಮೇಲೆ ಹೆಸರು ಬದಲಿಸಬೇಕು. ಇಲ್ಲದಿದ್ದರೆ ಬ್ಯಾಂಕಿನ ಪ್ರೋಗ್ರಾಂ ಅರ್ಧ ಫೈಲನ್ನೇ ಎತ್ತಿಕೊಂಡು ಹೋಗಬಹುದು.

ಅರ್ಧ ಫೈಲನ್ನು ಹಿಡಿಯುವುದು ಲೆಕ್ಕದ ಮೊತ್ತಗಳು. ಪಾವತಿ ಸಂದೇಶಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 20022ರಲ್ಲಿ ಪಾವತಿಯ ಆದೇಶ ಹೊರುವ ಪೇನ್.001 ಸಂದೇಶದ ತಲೆಭಾಗದಲ್ಲಿ ಮೆಸೇಜ್ ಐಡಿ, ಪಾವತಿಗಳ ಎಣಿಕೆ, ಕಂಟ್ರೋಲ್ ಸಮ್ ಇರುತ್ತವೆ. ಎಣಿಕೆ ಕಡ್ಡಾಯ, ಎಲ್ಲ ಮೊತ್ತಗಳ ಕೂಡಿಕೆಯಾದ ಕಂಟ್ರೋಲ್ ಸಮ್ ಐಚ್ಛಿಕ. ಐಚ್ಛಿಕವೆಂದು ಖಾಲಿ ಬಿಡುವ ಸಾಫ್ಟ್‌ವೇರನ್ನೂ, ಖಾಲಿ ಬಂದರೂ ಸುಮ್ಮನೆ ಸ್ವೀಕರಿಸುವ ಬ್ಯಾಂಕನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಕು.

ಹಾಗೆಂದು ಕೂಡಿಕೆ ಸರಿಹೋದ ಮಾತ್ರಕ್ಕೆ ನೆಮ್ಮದಿ ಪಡಬೇಡಿ. ಒಂದು ಸಾಲಿನ ಖಾತೆ ಸಂಖ್ಯೆಯನ್ನು ವಂಚಕರ ಖಾತೆಗೆ ಬದಲಿಸಿದರೂ ಎಣಿಕೆ ಅದೇ, ಮೊತ್ತ ಅದೇ. ಇಂಥ ಬದಲಾವಣೆಯನ್ನು ಸ್ವಲ್ಪಮಟ್ಟಿಗೆ ಹಿಡಿಯುವ 'ಎಂಟ್ರಿ ಹ್ಯಾಶ್' ಅಮೆರಿಕದ ಎಸಿಎಚ್ (ಬ್ಯಾಂಕುಗಳ ನಡುವಿನ ಬ್ಯಾಚ್ ಪಾವತಿ ಜಾಲ) ಫೈಲಿನಲ್ಲಿ ಇದೆ: ಪ್ರತಿ ಸಾಲಿನ ಪಡೆಯುವ ಬ್ಯಾಂಕಿನ ರೂಟಿಂಗ್ ಸಂಖ್ಯೆಯ (ಬ್ಯಾಂಕನ್ನು ಗುರುತಿಸುವ ಸಂಖ್ಯೆ) ಮೊದಲ 8 ಅಂಕಿಗಳನ್ನು ಕೂಡಿ, ಬಂದ ಮೊತ್ತದ ಕೊನೆಯ 10 ಅಂಕಿಗಳನ್ನು ಬರೆಯುತ್ತಾರೆ. ಹೆಸರಲ್ಲಿ ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಇದ್ದರೂ ಇದು ಬರೀ ಕೂಡಿಕೆ. ಅದರಲ್ಲಿ ಖಾತೆ ಸಂಖ್ಯೆ ಸೇರಿಯೇ ಇಲ್ಲ, ಆದ್ದರಿಂದ ಅದೇ ಬ್ಯಾಂಕಿನ ಬೇರೆ ಖಾತೆಗೆ ಬದಲಾಯಿಸಿದರೆ ಗೊತ್ತಾಗುವುದಿಲ್ಲ. ಯುರೋಪಿನಂಥ ಕಡೆ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಾದ ಐಬ್ಯಾನ್‌ನ ಪರೀಕ್ಷೆ (ಮೊದಲ ನಾಲ್ಕು ಅಕ್ಷರ ಹಿಂದಕ್ಕೆ ಹಾಕಿ, ಅಕ್ಷರಗಳನ್ನು ಅಂಕಿ ಮಾಡಿ, 97ರಿಂದ ಭಾಗಿಸಿದರೆ ಶೇಷ 1 ಬರಬೇಕು) ಕೈತಪ್ಪಿನ ಟೈಪಿಂಗ್ ದೋಷ ಹಿಡಿಯುತ್ತದೆ. ವಂಚಕರ ಐಬ್ಯಾನ್‌ಗೂ ಶೇಷ 1 ಬರುತ್ತದಲ್ಲ! ಹೆಸರು-ಖಾತೆ ತಾಳೆ ನೋಡುವುದು ಬೇರೆಯೇ ಕೆಲಸ. ಯುರೋ ವಲಯದಲ್ಲಿ 2025ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಇದನ್ನು ಒದಗಿಸಲೇಬೇಕು, ಆದರೂ ಬ್ಯಾಚ್ ಕಳಿಸುವ ಕಂಪನಿಗಳು ಬೇಡವೆನ್ನಬಹುದು. ಬೇಡವೆನ್ನದಿರುವುದು ಜಾಣತನ.

ನಿಜವಾಗಿ ಕೆಲಸಕ್ಕೆ ಬರುವುದು ಎಸ್‌ಎಚ್‌ಎ-256 ಎಂಬ ವಿಧಾನದಿಂದ ತೆಗೆದ ಇಡೀ ಫೈಲಿನ ಹ್ಯಾಶ್. ಅಕೌಂಟಿಂಗ್ ವ್ಯವಸ್ಥೆ ಫೈಲು ಹೊರತೆಗೆದಾಗ ಒಂದು ಹ್ಯಾಶ್ ತೋರಿಸಬೇಕು, ಬ್ಯಾಂಕಿನ ಪರದೆ ತಾನು ಪಡೆದ ಫೈಲಿನದನ್ನು ತೋರಿಸಬೇಕು, ಚೆಕರ್ ಎರಡನ್ನೂ ಹೋಲಿಸಬೇಕು. ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆ. ಫೈಲಿನ ಹೆಸರು ಮತ್ತು ಒಟ್ಟು ಮೊತ್ತ ಮಾತ್ರ ತೋರಿಸುವ ಪರದೆಯಲ್ಲಿ ಇಬ್ಬರಲ್ಲ, ಹತ್ತು ಜನ ಒಪ್ಪಿದರೂ ಅದು ಒಬ್ಬರು ಒಪ್ಪಿದಂತೆಯೇ. 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್, ಸೌಂದರ್ಯವರ್ಧಕ ಕಂಪನಿ ರೆವ್ಲಾನ್‌ನ ಸಾಲದ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಲು ಹೋಗಿ ಸುಮಾರು 90 ಕೋಟಿ ಡಾಲರ್ ಕಳಿಸಿಬಿಟ್ಟಿತು. ಅದು ಬ್ಯಾಚ್ ಫೈಲಲ್ಲ, ಆದರೆ ಪಾಠ ಇಲ್ಲಿಗೂ ಹೊಂದುತ್ತದೆ: ಮೂವರು ಒಪ್ಪಿದ್ದರು. ಅಸಲನ್ನು ಒಳಖಾತೆಗೆ ತಿರುಗಿಸಲು ಮೂರು ಖಾನೆ ತುಂಬಬೇಕಿದ್ದ ಪರದೆಯಲ್ಲಿ ಒಂದನ್ನಷ್ಟೇ ತುಂಬಿದ್ದು ಮೂವರಿಗೂ ಸರಿಯೆಂದೇ ಕಂಡಿತ್ತು.

ಎರಡು ಸಲ ಪಾವತಿಯಾಗುವ ಕಾಟದಲ್ಲಿ ಬ್ಯಾಂಕುಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮೆಸೇಜ್ ಐಡಿ ಒಂದೇ ಇದ್ದರೆ ತಿರಸ್ಕರಿಸುವುದು ಕನಿಷ್ಠ ಮಟ್ಟ. ಸಂಪರ್ಕ ಕಡಿದು ಸ್ವೀಕೃತಿ ಬಾರದಿದ್ದಾಗ ಗಾಬರಿಯಾದವರು ಫೈಲನ್ನು ಹೊಸದಾಗಿ ತೆಗೆಯುತ್ತಾರೆ, ಅದಕ್ಕೆ ಹೊಸ ಐಡಿ ಬರುತ್ತದೆ, ಬ್ಯಾಂಕು ಹೊಸದೆಂದೇ ನಂಬುತ್ತದೆ. ಇಂಥ ವೇಳೆ ಹಳೆಯ ಫೈಲನ್ನೇ ಹಳೆಯ ಐಡಿಯೊಂದಿಗೆ ಮತ್ತೆ ಕಳಿಸಬೇಕು. ಒಳ್ಳೆಯ ಬ್ಯಾಂಕು ಒಳಗಿನ ವಿಷಯವನ್ನೂ ನೋಡುತ್ತದೆ: ಅದೇ ಡೆಬಿಟ್ ಖಾತೆ, ಅದೇ ಎಣಿಕೆ, ಅದೇ ಮೊತ್ತ ಕೆಲವೇ ದಿನಗಳಲ್ಲಿ ಮತ್ತೆ ಬಂದರೆ ತಡೆದು ಕೇಳುತ್ತದೆ. ಬ್ಯಾಂಕಿನ ಒಳಗೂ ಇದು ಆಗುವುದುಂಟು. 2021ರ ಡಿಸೆಂಬರ್ 25ರಂದು ಬ್ರಿಟನ್ನಿನ ಸ್ಯಾಂಟಾಂಡರ್‌ನಲ್ಲಿ ಶೆಡ್ಯೂಲಿಂಗ್ ದೋಷದಿಂದ ಸುಮಾರು 75,000 ಪಾವತಿಗಳು, ಒಟ್ಟು 13 ಕೋಟಿ ಪೌಂಡ್, ಎರಡನೇ ಸಲ ಹೋದವು.

ಆಮೇಲಿನದು ಸ್ಟೇಟಸ್ ವರದಿ, ಪೇನ್.002. ಇದರಲ್ಲಿ 'ಪಾರ್ಟ್' ಎಂದು ಬಂದರೆ ಫೈಲಿನ ಕೆಲವು ಸಾಲು ಪಾಸಾಗಿ ಕೆಲವು ಬಿದ್ದಿವೆ ಎಂದರ್ಥ. ಬಿದ್ದ ಸಾಲುಗಳನ್ನಷ್ಟೇ ಮತ್ತೆ ಕಳಿಸಬೇಕು. ಇಡೀ ಫೈಲನ್ನು ತಿದ್ದಿ ಕಳಿಸಿದರೆ ಪಾಸಾದವರಿಗೆ ಎರಡು ಸಂಬಳ. ಕಾರಣದ ಕೋಡ್ ಸಾಲುಸಾಲಿಗೂ ಬರಬೇಕು: ಎಸಿ01 ತಪ್ಪು ಖಾತೆ ಸಂಖ್ಯೆ, ಎಸಿ04 ಮುಚ್ಚಿದ ಖಾತೆ, ಎಎಂ04 ಹಣ ಸಾಲದು, ಎಎಂ05 ನಕಲು. ಎಲ್ಲಕ್ಕೂ ಎಂಎಸ್03, ಅಂದರೆ 'ಕಾರಣ ಹೇಳಿಲ್ಲ' ಎಂದು ಕಳಿಸುವ ಬ್ಯಾಂಕು ತನ್ನ ಕೆಲಸವನ್ನು ನಿಮ್ಮ ತಲೆಗೆ ಕಟ್ಟುತ್ತಿದೆ. 'ಸ್ವೀಕರಿಸಲಾಗಿದೆ' ಎಂದರೆ ಹಣ ಖಾತೆಗೆ ಬಿತ್ತು ಎಂದಲ್ಲ. ರಿಟರ್ನ್, ಅಂದರೆ ಹಣ ಜಮೆಯಾಗದೆ ವಾಪಸಾಗುವುದು, ಕೆಲವು ದಿನಗಳ ನಂತರವೂ ಬರಬಹುದು. ಎಸಿಎಚ್‌ನಲ್ಲಿ ತಪ್ಪಾಗಿ ಹೋದದ್ದಕ್ಕೆ ರಿವರ್ಸಲ್ (ಹಣ ಹಿಂದಕ್ಕೆ ಪಡೆಯುವ ನಮೂದು) ಹಾಕಲು ಸೆಟಲ್‌ಮೆಂಟ್ (ಬ್ಯಾಂಕುಗಳ ನಡುವೆ ಹಣ ಚುಕ್ತಾ ಆಗುವುದು) ನಂತರ 5 ಬ್ಯಾಂಕಿಂಗ್ ದಿನಗಳಿವೆ, ಆದರೆ ಪಡೆದವರು ಆಗಲೇ ತೆಗೆದುಬಿಟ್ಟಿದ್ದರೆ ವಾಪಸಿನ ಖಾತ್ರಿ ಇಲ್ಲ.

ನಿಧಾನಕ್ಕೂ ಒಂದು ಬೆಲೆಯಿದೆ. ಬ್ರಿಟನ್ನಿನ ಬ್ಯಾಚ್ ಪಾವತಿ ವ್ಯವಸ್ಥೆಯಾದ ಬ್ಯಾಕ್ಸ್‌ನ ಮೂರು ದಿನದ ಚಕ್ರ (ಮೊದಲ ದಿನ ಸಲ್ಲಿಕೆ, ಎರಡನೆಯ ದಿನ ಸಂಸ್ಕರಣೆ, ಮೂರನೆಯ ದಿನ ಜಮೆ) ಹಳೆಯ ಕಾಲದ್ದೆನಿಸಬಹುದು, ಆದರೆ ತಪ್ಪು ಕಂಡರೆ ತಡೆಯಲು ಅದು ಸಮಯ ಕೊಡುತ್ತದೆ. ಸಂಬಳದ ಬ್ಯಾಚನ್ನು ಸೆಕೆಂಡುಗಳಲ್ಲಿ ಮುಗಿಸುವ ತಕ್ಷಣದ ಪಾವತಿಗೆ ಏರಿಸುವುದು ಜಾಹೀರಾತಿಗೆ ಚೆಂದ. ತಿಂಗಳ ಮೊದಲೇ ಗೊತ್ತಿರುವ ಪಾವತಿಗೆ ಅಷ್ಟು ಅವಸರವೇನು?

ಒಪ್ಪಂದಕ್ಕೆ ಮುನ್ನ ಬ್ಯಾಂಕಿನ ಟೆಸ್ಟ್ ವ್ಯವಸ್ಥೆಗೆ ನಾಲ್ಕು ಫೈಲು ಕಳಿಸಿ ನೋಡಿ. ಎಣಿಕೆಯಲ್ಲಿ ಒಂದು ಹೆಚ್ಚಿರುವುದು ಪೂರ್ತಿ ಬೀಳಬೇಕು. ಒಂದು ಸಾಲಿನ ಖಾತೆ ಮಾತ್ರ ಕೆಟ್ಟಿರುವುದಕ್ಕೆ ಆ ಸಾಲಿಗೆ ಎಸಿ01 ಬರಬೇಕು. ಸಹಿ ಹಾಕಿದ ಮೇಲೆ ಒಂದು ಅಕ್ಷರ ಬದಲಿಸಿದ್ದು ಬಾಗಿಲಲ್ಲೇ ನಿಲ್ಲಬೇಕು. ಮೆಸೇಜ್ ಐಡಿ ಮಾತ್ರ ಬದಲಿಸಿದ ನಕಲು ಎಚ್ಚರಿಕೆ ಹುಟ್ಟಿಸಬೇಕು. 'ಆ ನಿಯಮ ಟೆಸ್ಟ್‌ನಲ್ಲಿ ಆನ್ ಮಾಡಿಲ್ಲ' ಎಂಬ ಉತ್ತರ ಬಂದರೆ, ನಿಜವಾದ ವ್ಯವಸ್ಥೆಯಲ್ಲಿ ಆನ್ ಇದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.