ಬ್ರಿಂಗ್ ಎ ಟ್ರೇಲರ್: ಹರಾಜು ಅಚ್ಚುಕಟ್ಟು, ಆಮೇಲಿನದು ನಮ್ಮ ಪಾಡು

ಕೆಟ್ಟು ನಿಂತ ಹಳೆಯ ಕಾರನ್ನು ಕೊಂಡವನು ಅದನ್ನು ಓಡಿಸಿಕೊಂಡು ಮನೆ ಸೇರುವಂತಿರುವುದಿಲ್ಲ. ಹೇರಿಕೊಂಡು ಹೋಗಲು ಟ್ರೇಲರನ್ನೂ ಜೊತೆಗೆ ತರಬೇಕಾಗುತ್ತದೆ. ರ‍್ಯಾಂಡಿ ನಾನೆನ್‌ಬರ್ಗ್ ಮತ್ತು ಜೆಂಟ್ರಿ ಅಂಡರ್‌ವುಡ್ 2007ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಜಾಲತಾಣಕ್ಕೆ ‘ಬ್ರಿಂಗ್ ಎ ಟ್ರೇಲರ್’ ಎಂಬ ಹೆಸರು ಬಂದದ್ದು ಈ ಅರ್ಥದಲ್ಲಿಯೇ. ಬೇರೆಡೆ ಮಾರಾಟಕ್ಕಿದ್ದ ಅಪರೂಪದ ಕಾರುಗಳತ್ತ ಬೊಟ್ಟು ಮಾಡುವುದಷ್ಟೇ ಅದರ ಮೊದಲ ಕೆಲಸವಾಗಿತ್ತು. 2014ರಲ್ಲಿ ಅದು ತಾನೇ ಹರಾಜು ನಡೆಸತೊಡಗಿತು, 2020ರಲ್ಲಿ ಹರ್ಸ್ಟ್ ಸಂಸ್ಥೆ ಅದನ್ನು ಕೊಂಡಿತು. ಈಗ ಗೀರೊಂದೂ ಇಲ್ಲದ ಲಕ್ಷಾಂತರ ಡಾಲರ್ ಬೆಲೆಯ ಪೋರ್ಷೆಗಳೂ ಅದೇ ಹೆಸರಿನಡಿ ಬಿಕರಿಯಾಗುತ್ತವೆ; ಟ್ರೇಲರ್ ಈಗಲೂ ಬರುತ್ತದೆ, ಆದರೆ ಕಾರು ಓಡದೆಂದಲ್ಲ, ಅದಕ್ಕೆ ಧೂಳು ತಾಗಬಾರದೆಂದು.

ಹಲವು ವರ್ಷಗಳಿಂದ ಇಲ್ಲಿನ ಹರಾಜುಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತ ಬಂದಿರುವ ನನಗೆ ಈ ಸೇವೆಯ ನಿಜವಾದ ಸರಕು ಕಾರಲ್ಲ, ಕಾರಿನ ಬಗೆಗಿನ ದಾಖಲೆ ಎನಿಸಿದೆ. ವಿವರಣೆಯನ್ನು ಮಾರಾಟಗಾರ ತಾನೇ ಬರೆದು ಹಾಕುವುದಿಲ್ಲ. ಅವನು ಕೊಟ್ಟ ಮಾಹಿತಿ, ಕಾಗದಪತ್ರ ಮತ್ತು ಚಿತ್ರಗಳನ್ನು ಇಟ್ಟುಕೊಂಡು ಜಾಲತಾಣದವರೇ ಅದನ್ನು ಸಿದ್ಧಪಡಿಸುತ್ತಾರೆ, ಹಾಗಾಗಿ ಹೊಗಳಿಕೆಯ ಮಾತು ಬಹುಮಟ್ಟಿಗೆ ಸೋಸಿಹೋಗಿರುತ್ತದೆ. ಓಡೋಮೀಟರಿನ ವಿಷಯವನ್ನೇ ನೋಡಿ. ಹಳೆಯ ಅಮೆರಿಕನ್ ಕಾರುಗಳ ಓಡೋಮೀಟರಿನಲ್ಲಿ ಮೈಲಿಗಳಿಗೆ ಐದೇ ಅಂಕೆಗಳು ಇರುತ್ತಿದ್ದುದರಿಂದ ಒಂದು ಲಕ್ಷ ಮೈಲಿ ದಾಟಿದೊಡನೆ ಅದು ಮತ್ತೆ ಸೊನ್ನೆಗೆ ಮರಳುತ್ತಿತ್ತು. ಅಂಥ ಕಾರಿನ ವಿವರಣೆಯಲ್ಲಿ ‘ಐದಂಕಿಯ ಓಡೋಮೀಟರ್ ಇಷ್ಟು ತೋರಿಸುತ್ತಿದೆ, ಒಟ್ಟು ಓಡಿದ ದೂರ ತಿಳಿಯದು’ ಎಂಬರ್ಥದ ಒಣ ವಾಕ್ಯವಿರುತ್ತದೆ. ಈ ಒಣತನವನ್ನು ನಾನು ಗುಣವೆಂದೇ ಎಣಿಸುತ್ತೇನೆ.

ಚಿತ್ರಗಳು ಹಲವೊಮ್ಮೆ ನೂರನ್ನು ದಾಟುತ್ತವೆ. ನೋಡುವ ಕಣ್ಣಿರುವವರು ಮಿರುಗುವ ಬಾನೆಟ್ಟಿನ ಮುಂದೆ ಹೊತ್ತು ಕಳೆಯದೆ ನೇರವಾಗಿ ತಳಭಾಗದ ಚಿತ್ರಗಳಿಗೆ ಹೋಗುತ್ತಾರೆ, ಏಕೆಂದರೆ ತುಕ್ಕು, ಬೆಸುಗೆಯ ಗುರುತು, ಪುಟ್ಟಿ ಮೆತ್ತಿ ಮುಚ್ಚಿದ ಟಿಂಕರಿಂಗ್ ಕೆಲಸ ಎಲ್ಲವೂ ಬಯಲಾಗುವುದು ಅಲ್ಲಿಯೇ. ತಣ್ಣಗಿರುವ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡುವ ವಿಡಿಯೊ ಇಲ್ಲದಿದ್ದರೆ ಅದನ್ನು ಕೇಳಿ ಪಡೆಯಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಹೊಗೆಯನ್ನೂ ಕಟಕಟ ಸದ್ದನ್ನೂ ಬಚ್ಚಿಟ್ಟುಕೊಳ್ಳಬಲ್ಲದು.

ಸಾಮಾನ್ಯವಾಗಿ ಏಳು ದಿನ ನಡೆಯುವ ಹರಾಜಿನ ಉದ್ದಕ್ಕೂ ಯಾರು ಬೇಕಾದರೂ ಬಹಿರಂಗವಾಗಿ ಪ್ರಶ್ನೆ ಕೇಳಬಹುದು, ಮಾರಾಟಗಾರ ಎಲ್ಲರೆದುರೇ ಉತ್ತರಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಏರ್ಪಾಟಿನ ಜೀವಾಳ ಇದೇ. ಎಂಜಿನ್ ಬ್ಲಾಕಿನ ಸಂಖ್ಯೆ ಚಾಸಿಯೊಡನೆ ಹುಟ್ಟಿದ್ದೇ (ಅಂದರೆ ಅದು ಈ ಕಾರಿನ ಮೂಲ ಎಂಜಿನ್ನೇ), ಬಣ್ಣ ಕಾರ್ಖಾನೆಯದೇ ಎಂದು ಆಯಾ ಮಾದರಿಯನ್ನೇ ಅರೆದು ಕುಡಿದವರು ಅಡ್ಡಪ್ರಶ್ನೆ ಹಾಕುತ್ತಾರೆ. 1967ರ ಅಥವಾ ಆನಂತರದ ಫೋರ್ಡ್ ಕಾರಾದರೆ ಮಾರ್ಟಿ ವರದಿ ಎಲ್ಲಿ ಎಂಬ ಪ್ರಶ್ನೆ ತಪ್ಪುವುದಿಲ್ಲ. ಫೋರ್ಡ್ ಕಂಪನಿಯ ಉತ್ಪಾದನಾ ದಾಖಲೆಗಳನ್ನು ಆಧರಿಸಿದ ಆ ವರದಿ, ಕಾರು ಯಾವ ಬಣ್ಣದಲ್ಲಿ, ಯಾವ ಎಂಜಿನ್ನಿನೊಡನೆ, ಯಾವ ಸೌಲಭ್ಯಗಳೊಡನೆ ಕಾರ್ಖಾನೆ ಬಿಟ್ಟಿತೆಂಬುದನ್ನು ತಿಳಿಸುತ್ತದೆ. ಇಂಥ ಪ್ರಶ್ನೆಗಳಿಗೆ ಮಾರಾಟಗಾರ ಎರಡು ದಿನ ಮೌನ ವಹಿಸಿದರೆ ನಾನಾಗಿದ್ದರೆ ಆ ಕಾರನ್ನು ಅಲ್ಲಿಗೇ ಕೈಬಿಡುತ್ತೇನೆ. ಹಾಗೆಂದು ಪ್ರಶ್ನಿಸುವವರೆಲ್ಲ ತಜ್ಞರೂ ಅಲ್ಲ; ಕೊಳ್ಳುವ ಇರಾದೆಯೇ ಇಲ್ಲದೆ ಬರೀ ಕೊಂಕು ತೆಗೆಯುವವರಿಗೂ ಇಲ್ಲಿ ಬರವಿಲ್ಲ.

ಕೊನೆಯ ಗಳಿಗೆಯ ನಿಯಮವನ್ನು ಮೆಚ್ಚಲೇಬೇಕು. ನಿಗದಿತ ಕ್ಷಣಕ್ಕೆ ಬಾಗಿಲು ಹಾಕುವ ಈಬೇ ಬಗೆಯ ಹರಾಜಿನಲ್ಲಿ ಕಟ್ಟಕಡೆಯ ಸೆಕೆಂಡಿನವರೆಗೆ ಅವಿತಿದ್ದು ಬಿಡ್ ಹಾಕಿದವನಿಗೆ ಮೇಲುಗೈ. ಇಲ್ಲಿ ಕೊನೆಯ ಎರಡು ನಿಮಿಷಗಳಲ್ಲಿ ಬಿಡ್ ಬಂದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಮರಳುತ್ತದೆ, ಆದ್ದರಿಂದ ಬೆರಳ ಚುರುಕಿಗಿಂತ ಜೇಬಿನ ಬಲವೇ ಗೆಲ್ಲುತ್ತದೆ. ತೊಂದರೆಯೆಂದರೆ ಆ ಎರಡೆರಡು ನಿಮಿಷಗಳಲ್ಲಿ ಹಟವೂ ಬೆಳೆಯುತ್ತದೆ. ಮಿತಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳದವರು ಅದನ್ನು ದಾಟಿದ ಮೇಲೆಯೇ ಎಚ್ಚರಗೊಳ್ಳುತ್ತಾರೆ.

ಶುಲ್ಕದ ವಿಚಾರದಲ್ಲಿ ತಕರಾರಿಗೆ ಹೆಚ್ಚು ಜಾಗವಿಲ್ಲ. ಕೊಳ್ಳುವವನು ಅಂತಿಮ ಬೆಲೆಯ ಶೇ. 5ರಷ್ಟನ್ನು, ಕನಿಷ್ಠ 250 ಡಾಲರ್‌ಗಳನ್ನು, ಜಾಲತಾಣಕ್ಕೆ ಕೊಡಬೇಕು. ಈ ಶುಲ್ಕಕ್ಕೆ ಮೇಲ್ಮಿತಿಯೂ ಇದೆ. ಬಹುಕಾಲ ಅದು 5,000 ಡಾಲರ್ ಆಗಿತ್ತು, ಆಮೇಲೆ ಏರಿತು. ಮಾರುವವನ ಕೈಯಿಂದ ಬೆಲೆಯ ಪಾಲು ಹೋಗುವುದಿಲ್ಲ, ಅವನು ಕಾರನ್ನು ಪಟ್ಟಿಗೆ ಸೇರಿಸುವ ಸಣ್ಣ ಮೊತ್ತವನ್ನಷ್ಟೇ ತೆರುತ್ತಾನೆ. ಸಭಾಂಗಣದಲ್ಲಿ ಸುತ್ತಿಗೆ ಬಡಿದು ನಡೆಸುವ ದೊಡ್ಡ ಹರಾಜುಗಳಲ್ಲಿ ಕೊಳ್ಳುವವನ ಶುಲ್ಕ ಶೇ. 10ರಿಂದ 12ರಷ್ಟು ಇರುವುದು ಸಾಮಾನ್ಯ. ಅಂದರೆ ಒಂದು ಲಕ್ಷ ಡಾಲರಿನ ಕಾರಿನ ಮೇಲೆ ಇಲ್ಲಿ 5,000 ಆದರೆ ಅಲ್ಲಿ 12,000 ಆಗಬಹುದು. 

ರಿಸರ್ವ್ ಬೆಲೆಯ ಗುಟ್ಟು ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಮಾರಾಟಗಾರ ಇದಕ್ಕಿಂತ ಕಡಿಮೆಗೆ ಕೊಡೆನೆಂದು ನಿಗದಿಪಡಿಸಿದ ಮೊತ್ತ ಬಿಡ್ ಹಾಕುವವರಿಗೆ ಕಾಣುವುದಿಲ್ಲ. ವಾರವಿಡೀ ಲೆಕ್ಕ ಹಾಕಿ ಎಲ್ಲರಿಗಿಂತ ಮುಂದೆ ನಿಂತವನಿಗೂ ಕೊನೆಗೆ ಕಾರು ದಕ್ಕದಿರಬಹುದು. ರಿಸರ್ವ್ ಇಲ್ಲದ ಹರಾಜುಗಳಲ್ಲಿ ಪೈಪೋಟಿ ನೇರವಾಗಿರುತ್ತದೆ, ಓದಲು ಖುಷಿ ಕೊಡುವುದೂ ಅವೇ.

ಆದರೆ ಗಡಿಯಾರ ನಿಂತ ಕ್ಷಣದಿಂದ ಈ ಸೇವೆಯ ಕೈ ಸಡಿಲವಾಗುತ್ತದೆ. ಜಾಲತಾಣ ಗೆದ್ದವನಿಗೂ ಮಾರಾಟಗಾರನಿಗೂ ಪರಸ್ಪರರ ವಿಳಾಸ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಕಾರಿನ ಹಣ ಕೊಳ್ಳುವವನಿಂದ ಮಾರಾಟಗಾರನಿಗೆ ನೇರವಾಗಿ ಹೋಗಬೇಕು. ಮಾಲೀಕತ್ವದ ಪತ್ರ, ಸಾಗಣೆ, ದಾರಿಯ ವಿಮೆ ಎಲ್ಲವೂ ಅವರಿಬ್ಬರ ನಡುವಿನ ಮಾತು. ಕಾರನ್ನು ಜಾಲತಾಣದವರು ಪರೀಕ್ಷಿಸಿರುವುದಿಲ್ಲ. ನೂರು ಚಿತ್ರಗಳೂ ಗೇರ್‌ಬಾಕ್ಸಿನ ಎರಡನೇ ಗೇರು ಕಿರುಗುಟ್ಟುವುದನ್ನಾಗಲಿ, ಒಳಗಿನ ಹಾಸಿನಿಂದ ಏಳುವ ಮುಗ್ಗಲು ವಾಸನೆಯನ್ನಾಗಲಿ ತೋರಿಸಲಾರವು. ಇಷ್ಟು ಜಾಗರೂಕವಾಗಿ ಕಟ್ಟಿದ ವ್ಯವಸ್ಥೆ ಹಣ ಕೈಬದಲಾಗುವ ಘಟ್ಟದಲ್ಲಿ ಹೀಗೆ ಕೈ ತೊಳೆದುಕೊಳ್ಳುವುದು ದೊಡ್ಡ ಕೊರತೆಯೇ ಸರಿ.

1980ರ ದಶಕದಿಂದ ಈಚಿನ ಕಾರು ಬೇಕೆನ್ನುವವರು ಯೂಟ್ಯೂಬಿನ ಕಾರು ವಿಮರ್ಶಕ ಡಗ್ ಡೆಮ್ಯೂರೊ 2020ರಲ್ಲಿ ಆರಂಭಿಸಿದ ಹರಾಜು ತಾಣ ‘ಕಾರ್ಸ್ ಆ್ಯಂಡ್ ಬಿಡ್ಸ್’ ಅನ್ನೂ ನೋಡಬಹುದು. ಅಲ್ಲಿ ಕಾರಿನ ದೋಷ, ಬದಲಾವಣೆ, ದುರಸ್ತಿಯ ಇತಿಹಾಸ ಬೇರೆಬೇರೆ ಶೀರ್ಷಿಕೆಗಳಡಿ ಸಿಗುವುದರಿಂದ ಹುಡುಕುವ ಶ್ರಮ ಕಡಿಮೆ. ಅದಕ್ಕಿಂತ ಹಳೆಯ ಕಾರುಗಳಿಗೆ ಬ್ರಿಂಗ್ ಎ ಟ್ರೇಲರಿನ ಸಂಗ್ರಹವನ್ನೇ ಆರಿಸುತ್ತೇನೆ, ಅದರಲ್ಲೂ ಮುಗಿದ ಹರಾಜುಗಳ ಬೆಲೆಗಳು ಪ್ರಶ್ನೋತ್ತರಗಳ ಸಮೇತ ಉಳಿದಿರುವುದಕ್ಕಾಗಿ. ಕೊಳ್ಳುವುದೇ ಆದರೆ ಹರಾಜು ಮುಗಿಯುವ ಮುನ್ನ, ಕಾರಿರುವ ಊರಿನ, ಮಾರಾಟಗಾರನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿಯೇ ಬಿಡ್ ಹಾಕುತ್ತೇನೆ. ಪರೀಕ್ಷೆಗೆ ಬಿಡದ ಮಾರಾಟಗಾರನ ಕಾರಿಗೆ ಹಾಕುವುದಿಲ್ಲ.