ಟೈಲ್ಸ್ ಕೆಳಗೆ ಏನು ಮಾಡುತ್ತೇವೆ ಎಂದು ಬರೆಯದ ಕೊಟೇಶನ್‌ಗೆ ಅಡ್ವಾನ್ಸ್ ಕೊಡಬೇಡಿ

ಹಳೆಯ ಬಚ್ಚಲುಮನೆ ಒಡೆಸಿ ಹೊಸದು ಮಾಡಿಸಲು ಹೊರಟವರಿಗಾಗಿ, ಅದರಲ್ಲೂ ಮಹಡಿಯ ಮೇಲಿನ ಬಚ್ಚಲಿಗೆ ಕೈಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಒಂದು ಬಾತ್‌ರೂಮ್, ಎಲ್ಲ ಸೇರಿ 1,45,000 ರೂಪಾಯಿ" ಎಂಬಂತಹ ಒಂದೇ ಸಾಲಿನ ಕೊಟೇಶನ್ ನಿಮ್ಮ ಕೈಗೆ ಬಂದಿದ್ದರೆ ದಯವಿಟ್ಟು ಒಂದು ರೂಪಾಯಿ ಅಡ್ವಾನ್ಸ್ ಕೂಡ ಕೊಡಬೇಡಿ. ಮೈಸೂರಿನ ನಮ್ಮ ಮನೆಯಲ್ಲಿ ಆ ಒಂದು ಸಾಲು ಕೊನೆಗೆ 3,27,000 ರೂಪಾಯಿಗೆ ಬಂದು ನಿಂತಿತು. ಅದರಲ್ಲಿ 1,24,000 ರೂಪಾಯಿ ಖರ್ಚಾದದ್ದು, ಹೊಸದಾಗಿ ಕಟ್ಟಿದ್ದನ್ನೇ ಒಡೆಸಿ ಮತ್ತೊಮ್ಮೆ ಕಟ್ಟಿಸುವುದಕ್ಕೆ.

ಮನೆ 1990ರ ದಶಕದ್ದು. ಕೆಳಗಿನದನ್ನು ಬಾಡಿಗೆಗೆ ಕೊಟ್ಟು ಮೇಲೆ ನಾವಿದ್ದೇವೆ. ಅತ್ತೆಯವರಿಗೆ ಮಂಡಿನೋವು ಹೆಚ್ಚಾಗಿ ಕುಕ್ಕರಗಾಲಿನಲ್ಲಿ ಕುಳಿತು ಏಳುವುದು ಸಾಧ್ಯವಾಗುತ್ತಿರಲಿಲ್ಲ. ಇಂಡಿಯನ್ ಕಮೋಡ್ ತೆಗೆಸಿ ವೆಸ್ಟರ್ನ್ ಹಾಕಿಸೋಣ, ಹೇಗೂ ಒಡೆಯುತ್ತೇವಲ್ಲ, ತುಕ್ಕು ಹಿಡಿದ ಜಿ.ಐ. ಪೈಪು ಮತ್ತು ಹಳೆಯ ಟೈಲ್ಸ್ ಕೂಡ ಬದಲಾಗಲಿ ಎಂದುಕೊಂಡೆವು. ಮನೆಯಲ್ಲಿ ಹಿರಿಯರಿರುವ ಎಷ್ಟೋ ಕಡೆ ಬಚ್ಚಲಿನ ಕೆಲಸ ಶುರುವಾಗುವುದು ಹೀಗೆಯೇ.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಸಂಗತಿಯೊಂದಿದೆ. ಮಹಡಿಯ ಬಚ್ಚಲಿನಲ್ಲಿ ಸ್ಲ್ಯಾಬ್ ಸಾಮಾನ್ಯವಾಗಿ ಉಳಿದ ಕೋಣೆಗಳಿಗಿಂತ ಸುಮಾರು ಒಂದಡಿ ತಗ್ಗಿನಲ್ಲಿರುತ್ತದೆ. ಗಾರೆಯವರು ಅದನ್ನು ಸಂಕನ್ ಎನ್ನುತ್ತಾರೆ. ಆ ತಗ್ಗಿನಲ್ಲಿ ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಗಾರೆ ಹಾಕಿ ಟೈಲ್ಸ್ ಕೂರಿಸಿರುತ್ತಾರೆ. ಇಂಡಿಯನ್ ಕಮೋಡೂ ಅದರ ಟ್ರ್ಯಾಪೂ (ನಾತ ಮೇಲೆ ಬರದಂತೆ ನೀರು ಹಿಡಿದಿಡುವ ಬಾಗಿದ ಪೈಪು) ಹೂತಿರುವುದು ಅಲ್ಲಿಯೇ. ಅದನ್ನು ಕಿತ್ತರೆ ಹಳೆಯ ವಾಟರ್‌ಪ್ರೂಫಿಂಗ್ ಕೂಡ ಕಿತ್ತುಬರುತ್ತದೆ. ಅರ್ಧ ಕಿತ್ತು ಅರ್ಧ ಉಳಿಸಿ ತೇಪೆ ಹಾಕಿದರೆ ಹಳೆಯದೂ ಹೊಸದೂ ಸೇರುವ ಗೆರೆಯಲ್ಲಿ ನೀರು ದಾರಿ ಹುಡುಕಿಕೊಳ್ಳುತ್ತದೆ. ಆದ್ದರಿಂದ ತಗ್ಗನ್ನು ಪೂರ್ತಿ ಖಾಲಿ ಮಾಡಿ, ಸ್ಲ್ಯಾಬ್ ಕಾಣುವವರೆಗೆ ತೊಳೆದು, ಎಲ್ಲವನ್ನೂ ಬುಡದಿಂದ ಮಾಡಬೇಕು. ಬಚ್ಚಲಿನ ಬಜೆಟ್ಟಿನ ಭವಿಷ್ಯ ನಿರ್ಧಾರವಾಗುವುದು ಈ ಒಂದಡಿಯಲ್ಲಿ. ನಮ್ಮ ಕೊಟೇಶನ್‌ನಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಟೈಲ್ಸ್ ಯಾವ ಕಂಪನಿಯದು, ನಲ್ಲಿ ಯಾವ ಮಾದರಿಯದು ಎಂಬ ಮಾತೇ ಮಾತು. ಅಂಗಡಿಯಲ್ಲಿ ತೋರಿಸುವುದೂ ಅದನ್ನೇ, ಫೋಟೊದಲ್ಲಿ ಕಾಣುವುದೂ ಅದನ್ನೇ.

ಗುತ್ತಿಗೆದಾರ ಕಮೋಡ್ ಇದ್ದ ಜಾಗವನ್ನಷ್ಟೇ ಅಗೆಸಿದ. ಸಂಜೆ ಬಣ್ಣ ಬಳಿಯುವ ಬ್ರಷ್‌ನಲ್ಲಿ ಎಂಥದೋ ಕೆಮಿಕಲ್ ಒಂದು ಕೈ ಬಳಿಸಿದ. ಮಾರನೆಯ ಬೆಳಿಗ್ಗೆ ಗಾರೆ ಕಲಸಲು ಆಳುಗಳು ಬಂದೇಬಿಟ್ಟರು. "ನೆಲದ ಮೇಲೆ ನೀರು ನಿಲ್ಲಿಸಿ, ಸೋರುತ್ತದೆಯೇ ಎಂದು ನೋಡಬೇಕಲ್ಲವೇ?" ಎಂದು ನನ್ನ ಪತಿ ಕೇಳಿದರು. "ಅದೆಲ್ಲ ತಾರಸಿಗೆ ಸಾರ್, ಬಚ್ಚಲಿಗೆ ಯಾರೂ ಮಾಡುವುದಿಲ್ಲ. ಆಳುಗಳ ಕೂಲಿ ದಂಡವಾಗುತ್ತದೆ" ಎಂದ. ಇದು ಅಪ್ಪಟ ಸುಳ್ಳು. ಇದೇ ಮಾತನ್ನು ನಿಮಗೂ ಹೇಳುತ್ತಾರೆ, ನಂಬಬೇಡಿ.

ಸರಿಯಾದ ಕ್ರಮವನ್ನು ನಮಗೆ ತೋರಿಸಿಕೊಟ್ಟದ್ದು ಎರಡನೆಯ ಸಲ ಕೆಲಸ ಮಾಡಿದ ಹಿರಿಯ ಮೇಸ್ತ್ರಿ. ನೆಲ ಮತ್ತು ಗೋಡೆ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ಗುಂಡಗೆ ತಿದ್ದಬೇಕು, ಏಕೆಂದರೆ ಬಿರುಕು ಬಿಡುವುದು ಆ ಮೂಲೆಯೇ. ಪೈಪು ಸ್ಲ್ಯಾಬನ್ನೋ ಗೋಡೆಯನ್ನೋ ತೂರಿಹೋಗುವ ಕಡೆ ಸುತ್ತಲೂ ಒಣಗಿದರೂ ಕುಗ್ಗದ ಗ್ರೌಟ್ (ಸಂದು ತುಂಬುವ ಮಿಶ್ರಣ) ತುಂಬಬೇಕು. ಆಮೇಲೆ ಜಲನಿರೋಧಕವನ್ನು ಎರಡು ಕೈ ಬಳಿಯಬೇಕು. ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅದಕ್ಕೆ ಅಡ್ಡಲಾಗಿ ಬಳಿಯಬೇಕು. ನೆಲಕ್ಕಷ್ಟೇ ಬಳಿದರೆ ಸಾಲದು, ಗೋಡೆಗೆ ಕನಿಷ್ಠ ಒಂದಡಿ ಹತ್ತಿಸಬೇಕು. ಶವರ್ ನೀರು ಬೀಳುವ ಗೋಡೆಗೆ ತಲೆಯೆತ್ತರದವರೆಗೂ ಬೇಕು. ಅದು ಪೂರ್ತಿ ಒಣಗಿದ ಬಳಿಕ ಹೊರಹೋಗುವ ಪೈಪುಗಳ ಬಾಯಿ ಮುಚ್ಚಿ, ಬಾಗಿಲ ಬಳಿ ಪುಟ್ಟ ಕಟ್ಟೆ ಕಟ್ಟಿ, ಎರಡು ಮೂರು ಇಂಚು ನೀರು ನಿಲ್ಲಿಸಬೇಕು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಬೇಕು. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಟ್ಟು ಗೆರೆಯನ್ನೂ ಕೆಳಗಿನ ಮನೆಯ ಸೂರನ್ನೂ ನೋಡಬೇಕು. ಇದಕ್ಕೆ ತಗಲುವ ಖರ್ಚು ಎರಡು ದಿನದ ಕಾಯುವಿಕೆ, ಒಂದಿಷ್ಟು ನೀರು. ಅಷ್ಟನ್ನು ಉಳಿಸಲು ಹೋಗಿ ಮೊದಲಿನ ಗುತ್ತಿಗೆದಾರ ನಮಗೆ ಲಕ್ಷಕ್ಕೂ ಮೀರಿದ ಹೊರೆ ಹೊರಿಸಿದ.

ಕೆಲಸ ಮುಗಿದಾಗ ಬಚ್ಚಲು ನೋಡಲು ಚೆನ್ನಾಗಿಯೇ ಇತ್ತು. ಮೇಲೆ ಥಳುಕು, ಒಳಗೆ ಹುಳುಕು. ಕೆಲವು ವಾರಗಳ ನಂತರ ಕೆಳಗಿನ ಬಾಡಿಗೆದಾರರು ಕರೆದು ತಮ್ಮ ಅಡುಗೆಮನೆಯ ಸೂರು ತೋರಿಸಿದರು. ಬಣ್ಣ ಗುಳ್ಳೆಯೆದ್ದಿತ್ತು, ಗುಳ್ಳೆ ಒಡೆದ ಕಡೆ ಬಿಳಿ ಉಪ್ಪಿನಂತಹ ಪುಡಿ. ಲೈಟಿನ ಪಾಯಿಂಟಿನ ಅಂಚಿನಲ್ಲಿ ಒಂದು ಹನಿ ನೇತಾಡುತ್ತಿತ್ತು. ಒಲೆಯ ಮೇಲೆ ಅವರ ಅನ್ನ ಬೇಯುತ್ತಿತ್ತು. ನಾಚಿಕೆ, ಸಂಕಟ, ಕೋಪ ಒಟ್ಟಿಗೇ ಬಂದವು.

ಗುತ್ತಿಗೆದಾರ ಮೊದಲು ಮಳೆಯ ನೀರು ಎಂದ. ಮಳೆ ನಿಂತ ಮೇಲೂ ಹನಿ ನಿಲ್ಲದಿದ್ದಾಗ ಒಬ್ಬ ಹುಡುಗನನ್ನು ಕಳಿಸಿ ಟೈಲ್ಸ್ ಸಂದುಗಳಿಗೆ ಎಪಾಕ್ಸಿ ತುಂಬಿಸಿದ, ಅದಕ್ಕೂ ಹಣ ಕೇಳಿದ. ಸಂದಿಗೆ ಏನೇ ತುಂಬಿದರೂ ಅದು ವಾಟರ್‌ಪ್ರೂಫಿಂಗ್ ಆಗುವುದಿಲ್ಲ. ಸೋರಿಕೆ ಎಲ್ಲಿಂದ ಎಂದು ತಿಳಿಯಲು ಬಚ್ಚಲನ್ನು ಕೆಲವು ದಿನ ಬಳಸದೆ ಬಿಡಿ. ಆಗಲೂ ಹನಿಯುತ್ತಿದ್ದರೆ ಒತ್ತಡವಿರುವ ನೀರಿನ ಪೈಪನ್ನು ಮೊದಲು ಅನುಮಾನಿಸಿ, ಅದರ ವಾಲ್ವ್ ಮುಚ್ಚಿ ನೋಡಿ. ಬಳಸಿದಾಗ ಹೆಚ್ಚಿ ಬಿಟ್ಟಾಗ ಕಡಿಮೆಯಾದರೆ ಟ್ರ್ಯಾಪ್ ಅಥವಾ ನೆಲದ ದೋಷ. ಆದರೆ ಸಂಕನ್ ಒಳಗೆ ಮೊದಲೇ ನೀರು ತುಂಬಿದ್ದರೆ, ಬಳಕೆ ನಿಲ್ಲಿಸಿದ ಮೇಲೂ ಅದು ಬಹಳ ದಿನ ಇಳಿಯುತ್ತಲೇ ಇರುತ್ತದೆ. ಅವಸರದಲ್ಲಿ ತೀರ್ಮಾನಕ್ಕೆ ಬರಬೇಡಿ.

ಆ ಹಿರಿಯ ಮೇಸ್ತ್ರಿ ಬಂದು ಮೊದಲು ಮಾಡಿದ್ದು ನಾಣ್ಯದಿಂದ ಟೈಲ್ಸ್ ತಟ್ಟಿದ್ದು. ಒಂದರ ನಂತರ ಒಂದು ಟೊಳ್ಳು ಸದ್ದು. ಕಮೋಡ್ ಪಕ್ಕದ ಟೈಲನ್ನು ಉಳಿಯಿಂದ ಮೀಟಿದಾಗ ಅದು ಮುರಿಯದೆ ಇಡಿಯಾಗಿ ಎದ್ದುಬಂತು. ಹಿಂಬದಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ, ನಡುವೆ ಏನೂ ಇಲ್ಲ. ಅದರಡಿಯ ಮರಳು ಹಿಂಡಿದರೆ ನೀರು ಬರುವಷ್ಟು ಒದ್ದೆ. ಇನ್ನೂ ಕೆದಕಿದಾಗ ಕಪ್ಪು ನೀರು ಜಿನುಗಿ ನಾತ ಹೊಡೆಯಿತು. ಹೊಸ ಪೈಪು ಹಳೆಯ ಟ್ರ್ಯಾಪಿಗೆ ಸೇರುವ ಕುತ್ತಿಗೆಯಲ್ಲಿ ಸಿಮೆಂಟ್ ಚೀಲದ ಪ್ಲಾಸ್ಟಿಕ್ ಸುತ್ತಿ ಮೇಲೆ ಸಿಮೆಂಟ್ ಮೆತ್ತಿದ್ದರು. ಎರಡೂ ಬೇರೆ ಬೇರೆ ಅಳತೆಯವು; ಅವುಗಳನ್ನು ಸೇರಿಸುವ ಬಿಡಿಭಾಗದ ಬೆಲೆ ಕೆಲವು ನೂರು ರೂಪಾಯಿ. ಮೇಸ್ತ್ರಿ ಆ ಪ್ಲಾಸ್ಟಿಕ್ ಚೂರನ್ನು ಎಳೆದು ತೆಗೆದು ಮಾತಾಡದೆ ನನ್ನ ಕಡೆ ಹಿಡಿದರು. ನಾನು ಅದರ ಫೋಟೊ ತೆಗೆದುಕೊಂಡೆ.

"ಎಲ್ಲ ಸೇರಿ" ಎಂದಿದ್ದ ಮೊತ್ತಕ್ಕೆ ಹೊರಗೆ ಉಳಿದವುಗಳ ಲೆಕ್ಕ ಇನ್ನೊಂದು. ಒಡೆದ ಕಲ್ಲುಮಣ್ಣು ಸಾಗಿಸಲು 9,000, ಗೋಡೆಯೊಳಗಿನ ಡೈವರ್ಟರ್‌ಗೆ (ನೀರನ್ನು ನಲ್ಲಿಗೋ ಶವರ್‌ಗೋ ತಿರುಗಿಸುವ ಸಾಧನ) 14,000, ಗೀಸರ್ ವೈರಿಂಗ್‌ಗೆ 8,000, ಬಾಗಿಲಿಗೆ 12,000, ಟೈಲ್ಸ್ ಹೆಚ್ಚಾಯಿತು ಎಂದು 15,000. ಒಟ್ಟು 58,000 ರೂಪಾಯಿ. ಪ್ರತಿಯೊಂದನ್ನೂ ಕೇಳಿದ್ದು ಕೆಲಸ ಅರ್ಧಕ್ಕೆ ನಿಂತಿದ್ದಾಗ, ಮನೆಯಲ್ಲಿ ಹಿರಿಯರೊಬ್ಬರಿಗೆ ಬಚ್ಚಲಿಲ್ಲದೆ ಪರದಾಡುತ್ತಿದ್ದಾಗ. ಆ ಗಳಿಗೆಯಲ್ಲಿ ಯಾರೂ ಚೌಕಾಸಿ ಮಾಡಲಾರರು, ಅದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಟೈಲ್ಸ್ ಲೆಕ್ಕವನ್ನು ನೀವೇ ಹಾಕಬಹುದು. ಬಚ್ಚಲು 8 ಅಡಿಗೆ 5 ಅಡಿ ಇದ್ದರೆ ಸುತ್ತಳತೆ 26 ಅಡಿ. ಏಳಡಿ ಎತ್ತರಕ್ಕೆ 182 ಚದರ ಅಡಿ. ಎರಡೂವರೆ ಅಡಿ ಅಗಲದ ಬಾಗಿಲು ಕಳೆದರೆ ಸುಮಾರು 165. ನೆಲ 40. ಒಟ್ಟು 205, ಕತ್ತರಿಸುವಾಗ ಹಾಳಾಗುವುದಕ್ಕೆ ಶೇಕಡ 10 ಸೇರಿಸಿದರೆ 225 ಚದರ ಅಡಿ. ಇದೇ ಅಳತೆಯ ನಮ್ಮ ಬಚ್ಚಲಿಗೆ 300 ಚದರ ಅಡಿಯ ಲೆಕ್ಕ ಬರೆದಿದ್ದರು. ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇರಲಿ, ಇಲ್ಲದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡವೇ ಬೇಡ, ಹಿರಿಯರಿರುವ ಮನೆಯಲ್ಲಂತೂ ಖಂಡಿತ ಬೇಡ.

ಕಮೋಡನ್ನು ಪ್ಲಂಬಿಂಗ್‌ಗೆ ಮೊದಲೇ ಕೊಂಡಿಡಿ. ಎಸ್ ಟ್ರ್ಯಾಪ್ ಕಮೋಡ್‌ಗೆ, ಅಂದರೆ ಪೈಪು ನೆಲದೊಳಕ್ಕೆ ಇಳಿಯುವ ಕಮೋಡ್‌ಗೆ, ಗೋಡೆಯಿಂದ ಪೈಪಿನ ನಡುಬಿಂದುವಿಗೆ 9 ಇಂಚು ಅಥವಾ 12 ಇಂಚು ಬೇಕೆಂದು ಕಂಪನಿಯವರು ಕೊಟ್ಟಿರುತ್ತಾರೆ. ಆ ಅಳತೆ ಟೈಲ್ಸ್ ಹಾಕಿದ ಮೇಲಿನ ಗೋಡೆಯದು. ನಮ್ಮಲ್ಲಿ ಬರಿಗೋಡೆಯಿಂದ ಅಳೆದರು. ಗಾರೆ ಮತ್ತು ಟೈಲ್ಸ್ ದಪ್ಪ ಒಂದೂವರೆ ಇಂಚು ನುಂಗಿತು, ಕಮೋಡ್ ಕೂರಲಿಲ್ಲ. ಆ ಪ್ಲಾಸ್ಟಿಕ್ ಸುತ್ತಿದ ಕುತ್ತಿಗೆ ಹುಟ್ಟಿಕೊಂಡದ್ದು ಇದೇ ತಪ್ಪನ್ನು ಮುಚ್ಚಲು. ಮಂಡಿನೋವಿನವರಿಗೆ ಆಸನ 450 ಮಿಲಿಮೀಟರ್ ಆಸುಪಾಸಿನ ಎತ್ತರದಲ್ಲಿದ್ದರೆ ಏಳುವುದು ಸುಲಭ. ಹಿಡಿಕೆಗೆ ಗಟ್ಟಿ ಗೋಡೆಯೇ ಬೇಕು.

ನೆಲದ ವಾಟವನ್ನು ಟೈಲ್ಸ್ ಹಾಕುವ ಮೊದಲೇ ರಸಮಟ್ಟ ಇಟ್ಟು ನೋಡಿ. 80ರಿಂದ 100 ಸೆಂಟಿಮೀಟರ್‌ಗೆ ಒಂದು ಸೆಂಟಿಮೀಟರ್ ಇಳಿಯಬೇಕು. ದೊಡ್ಡ ರೇನ್ ಶವರ್ ಕೊಳ್ಳುವವರು ತಾರಸಿಯ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂದು ನೋಡಿಕೊಳ್ಳಿ. ಹತ್ತು ಮೀಟರ್ ಎತ್ತರದಿಂದ ನೀರು ಬಂದರೆ ಸುಮಾರು ಒಂದು ಬಾರ್ ಒತ್ತಡ. ಮೇಲಿನ ಮಹಡಿಗೆ ಸಿಗುವುದು ಅದರ ಕಾಲುಭಾಗವೋ ಏನೋ. ಪ್ರೆಷರ್ ಪಂಪಿಗೂ ಹಣ ತೆಗೆದಿಡಬೇಕಾಗುತ್ತದೆ.

ಗೀಸರ್ ವಿಷಯದಲ್ಲಿ ಮಾತ್ರ ಒಂದಿಷ್ಟೂ ರಾಜಿ ಬೇಡ. ನಮ್ಮಿಂದ 8,000 ತೆಗೆದುಕೊಂಡು ಲೈಟಿನ ತೆಳು ವೈರಿನಿಂದಲೇ ಪಾಯಿಂಟ್ ಎಳೆದಿದ್ದರು, ಅರ್ತಿಂಗ್ ಕೊಟ್ಟಿರಲೇ ಇಲ್ಲ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಲ್ಲುವ ಜಾಗವದು. ಎರಡು ಕಿಲೋವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 4 ಚದರ ಮಿಲಿಮೀಟರ್ ವೈರು, ಅದಕ್ಕೇ ಮೀಸಲಾದ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿತವಾಗುವ ಸ್ವಿಚ್), ಸರಿಯಾದ ಅರ್ತಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿತವಾಗುವ ಸ್ವಿಚ್) ಕೊಟೇಶನ್‌ನಲ್ಲಿ ಬರೆದಿರಲಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸುವವರೆಗೆ ಸ್ವಿಚ್ ಹಾಕಬೇಡಿ.

ಹಣವನ್ನು ದಿನಾಂಕಕ್ಕೆ ಕೊಡಬೇಡಿ, ಮುಗಿದ ಹಂತಕ್ಕೆ ಕೊಡಿ. ಎರಡನೆಯ ಸಲ ನಾವು ಹೀಗೆ ಮಾಡಿದೆವು: ಶುರುವಿಗೆ ಶೇಕಡ 20, ಪೈಪು ಹಾಕಿ ಒತ್ತಡ ಪರೀಕ್ಷೆ ಆದಮೇಲೆ 25, ನೀರು ನಿಲ್ಲಿಸಿ ನೋಡಿದ ಮೇಲೆ 25, ಟೈಲ್ಸ್ ಮುಗಿದ ಮೇಲೆ 20. ಉಳಿದ ಶೇಕಡ 10 ಒಂದು ತಿಂಗಳು ಬಳಸಿ ನೋಡಿದ ನಂತರ. ಹಿರಿಯ ಮೇಸ್ತ್ರಿ ಇದಕ್ಕೆ ತಕರಾರು ತೆಗೆಯಲಿಲ್ಲ. ತನ್ನ ಕೆಲಸದ ಮೇಲೆ ಭರವಸೆ ಇರುವವರು ತೆಗೆಯುವುದಿಲ್ಲ. ಮೊದಲಿನವನು ಟೈಲ್ಸ್ ಏರುವ ಹೊತ್ತಿಗೆ ಮುಕ್ಕಾಲು ಪಾಲು ಹಣ ಎತ್ತಿಯಾಗಿತ್ತು. ನಿಮ್ಮ ಬಜೆಟ್ಟಿನ ಹೊರಗೆ ಶೇಕಡ 15ರಿಂದ 20ರಷ್ಟನ್ನು ಬೇರೆಯಾಗಿ ಇಟ್ಟುಕೊಳ್ಳಿ, ಅದರ ಸುಳಿವನ್ನು ಗುತ್ತಿಗೆದಾರನಿಗೆ ಕೊಡಬೇಡಿ. ಹಳೆಯ ಮನೆಯಲ್ಲಿ ಒಡೆದ ಮೇಲಷ್ಟೇ ತಿಳಿಯುವ ಸಂಗತಿಗಳು ನಿಜಕ್ಕೂ ಇರುತ್ತವೆ.

"ಬಿಲ್ ಬೇಡವೆಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ" ಎಂಬ ಆಮಿಷವೂ ಬರುತ್ತದೆ. ಬಿಲ್ ಇಲ್ಲದಿದ್ದರೆ ನಾಳೆ ದೂರು ಕೊಡುವಾಗ ನೀವು ಹಣ ಕೊಟ್ಟದ್ದಕ್ಕೇ ಪುರಾವೆ ಹುಡುಕಬೇಕು. ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಕೊಡಿ. ನಮ್ಮನ್ನು ಈಗ ಕಾಪಾಡುತ್ತಿರುವುದು ಬ್ಯಾಂಕ್ ದಾಖಲೆ, ವಾಟ್ಸ್‌ಆ್ಯಪ್ ಸಂದೇಶಗಳು, ಒಡೆಯುವಾಗ ತೆಗೆದ ಫೋಟೊಗಳು. ಹೀಗೆ ಸಿಕ್ಕಿಬಿದ್ದವರು ಸುಮ್ಮನಾಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದೂ ಕಡ್ಡಾಯವಲ್ಲ. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಆಯೋಗಕ್ಕೆ ಹೋಗಲು ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಸರಿಮಾಡಿಸುತ್ತೇನೆ ಎಂದು ಅವರು ತಿಂಗಳುಗಟ್ಟಲೆ ಎಳೆಯುತ್ತಿರುವಾಗಲೂ ಆ ಗಡುವು ಓಡುತ್ತಲೇ ಇರುತ್ತದೆ. ಸೋರುವ ಬಚ್ಚಲನ್ನು ಒಡೆಸುವ ಮೊದಲು ಅವರಿಗೆ ಲಿಖಿತ ನೋಟಿಸ್ ಕೊಟ್ಟು, ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರ್‌ನಿಂದ ಸಹಿ ಇರುವ ವರದಿ ಬರೆಸಿಕೊಳ್ಳಿ. ಒಡೆದ ಮೇಲೆ ಆ ವರದಿ ಬರೆಯಲು ಸಾಕ್ಷ್ಯವೇ ಉಳಿದಿರುವುದಿಲ್ಲ.