ತೋಟ ತಿನ್ನುವ ಊರಿನಲ್ಲಿ ಸ್ವೀಡಿಷ್ ಕಲಿತದ್ದು

ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದ ಮೊದಲ ವಾರ. ಆಫೀಸಿನಲ್ಲಿ ಯಾರದ್ದೋ ಹುಟ್ಟುಹಬ್ಬ. ಹಸಿರು ಮಾರ್ಜಿಪಾನ್ ಹೊದಿಸಿದ, ಮೇಲೊಂದು ಗುಲಾಬಿ ಹೂವಿಟ್ಟ ಗುಂಡನೆಯ ಕೇಕ್ ಮೇಜಿನ ಮೇಲಿತ್ತು. ಪಕ್ಕದ ಸೀಟಿನವರು ನನ್ನ ಕೈಗೆ ತಟ್ಟೆ ಕೊಟ್ಟು ‘ತೋಟ?’ ಅಂದರು. ಸಕಲೇಶಪುರದ ನಮ್ಮ ಮಾವನ ಕಾಫಿ ತೋಟ ಕಣ್ಮುಂದೆ ಬಂದು ಹೋಯಿತು. ಆಮೇಲೆ ಗೊತ್ತಾಯಿತು, ಸ್ವೀಡಿಷಿನಲ್ಲಿ ಕೇಕಿಗೇ ತೋಟ ಅನ್ನುತ್ತಾರೆ. ಬರೆಯುವಾಗ ನಡುವೆ ಒಂದು ‘ಆರ್’ ಇರುತ್ತದೆ. ಆದರೆ ‘ಆರ್’ ಮತ್ತು ‘ಟಿ’ ಅಕ್ಕಪಕ್ಕ ಬಂದರೆ ಎರಡೂ ಕರಗಿ ನಮ್ಮ ‘ಟ’ ಆಗುತ್ತದೆ.

ಅಷ್ಟು ಹೊತ್ತಿಗೆ ನಾನು ಫೋನಿನ ಆ್ಯಪ್ ಒಂದರಲ್ಲಿ ನೂರೈವತ್ತು ದಿನ ಬಿಡದೆ ಸ್ವೀಡಿಷ್ ಕಲಿತಿದ್ದೆ. ಈ ಟ-ದ ವಿಷಯ ಅದು ಒಂದು ದಿನವೂ ಹೇಳಿರಲಿಲ್ಲ.

ಈಗ ಮೂರು ವರ್ಷ ಆಯಿತು. ಆ್ಯಪ್, ನೆಟ್‌ನ ಉಚಿತ ಕೋರ್ಸ್, ಪುಸ್ತಕ, ಸರ್ಕಾರಿ ತರಗತಿ, ದುಡ್ಡು ಕೊಟ್ಟು ಇಟ್ಟುಕೊಂಡ ಟ್ಯೂಟರ್, ಲೈಬ್ರರಿಯ ಕಾಫಿ ಕೂಟ, ಎಲ್ಲದರ ರುಚಿಯೂ ನೋಡಿದ್ದೇನೆ. ಬೆಂಗಳೂರಿನಿಂದ ಇಲ್ಲಿಗೆ ಹೊರಟವರು ಆಗಾಗ ‘ಯಾವುದು ಒಳ್ಳೇದು?’ ಅಂತ ಮೆಸೇಜ್ ಹಾಕುತ್ತಾರೆ. ಪ್ರತಿ ಸಲ ಅದೇ ಉತ್ತರ ಟೈಪ್ ಮಾಡಿ ಸಾಕಾಗಿದೆ.

ವಿಮಾನ ಹತ್ತುವ ಮುಂಚೆ ಇರುವುದು ಎರಡೇ ದಾರಿ. ಒಂದು ಆ್ಯಪ್, ಇನ್ನೊಂದು ನೆಟ್ ಕೋರ್ಸ್. ಆ್ಯಪ್‌ನಿಂದ ಏನೂ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಪದಗಳು ತಲೆಗೆ ಹತ್ತಿದವು. ಇಲ್ಲಿ ಇಳಿದ ದಿನ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು ಯಾವುದು, ಮೊಸರು ಯಾವುದು ಅಂತ ಓದಲು ಬಂತು. ಆದರೆ ‘ಆಮೆ ಹಾಲು ಕುಡಿಯುತ್ತದೆ’ ಅನ್ನುವ ವಾಕ್ಯ ಮೂವತ್ತು ಸಲ ಒತ್ತಿದ್ದೇನೆ, ಯಾವ ಆಮೆಯೂ ಇದುವರೆಗೆ ಸಿಕ್ಕಿಲ್ಲ. ಸರಿಯಾದ ಉತ್ತರ ಗುರುತಿಸುವುದು ಬೇರೆ, ಬಾಯಿಂದ ಹೊರಡಿಸುವುದು ಬೇರೆ. ನೂರೈವತ್ತು ದಿನದ ಲೆಕ್ಕ ತಪ್ಪಬಾರದು ಅಂತ ರಾತ್ರಿ ಹನ್ನೊಂದೂವರೆಗೆ ಸುಮ್ನೆ ಒತ್ತಿ ಮಲಗಿದ್ದೇ ಜಾಸ್ತಿ.

ಅದರ ಪಕ್ಕದಲ್ಲಿ ಸ್ವೀಡಿಷ್ ಇನ್‌ಸ್ಟಿಟ್ಯೂಟ್‌ನವರ ‘ಲರ್ನಿಂಗ್ ಸ್ವೀಡಿಷ್’ ಇಡಿ. ಸ್ವೀಡನ್ನಿನ ಸರ್ಕಾರಿ ಸಂಸ್ಥೆ, ಉಚಿತ, ಬೆಂಗಳೂರಿನಲ್ಲಿ ಕೂತೇ ಮಾಡಬಹುದು. ಬಣ್ಣಬಣ್ಣದ ಗೊಂಬೆ ಇಲ್ಲ, ಬಹುಮಾನ ಇಲ್ಲ. ಆದರೆ ವ್ಯಾಕರಣವನ್ನು ಅದರ ಹೆಸರು ಹಿಡಿದೇ ಹೇಳಿಕೊಡುತ್ತದೆ. ನಾಮಪದದಲ್ಲಿ ಎರಡು ಜಾತಿ, ‘ಎನ್’ ಮತ್ತು ‘ಎತ್’. ‘ಆ’ ಅನ್ನುವ ಅರ್ಥ ಬೇಕಾದರೆ ಅದೇ ಪದದ ಬಾಲಕ್ಕೆ ಅಂಟುತ್ತದೆ. ‘ಎನ್ ಬೂಕ್’ ಅಂದರೆ ಒಂದು ಪುಸ್ತಕ, ‘ಬೂಕೆನ್’ ಅಂದರೆ ಆ ಪುಸ್ತಕ. ಪದದ ಹಿಂದೆ ಪ್ರತ್ಯಯ ಅಂಟಿಸುವುದು ನಮಗೆ ಹೊಸದೇನಲ್ಲ ಅಲ್ವಾ? ಆ್ಯಪ್‌ನಲ್ಲಿ ಎರಡು ತಿಂಗಳು ತಡಕಾಡಿದ್ದು ಇಲ್ಲಿ ಒಂದು ಭಾನುವಾರದಲ್ಲಿ ತಲೆಗೆ ಹೋಯಿತು. ಹೊರಡಲು ಮೂರು ತಿಂಗಳು ಟೈಮ್ ಇದ್ದರೆ ಇದನ್ನೇ ಹಿಡಿಯಿರಿ. ಆ್ಯಪ್ ಬಸ್ಸಿನಲ್ಲಿ ಕೂತಾಗ ಇರಲಿ.

ಇಲ್ಲಿಗೆ ಬಂದ ಮೇಲೆ ಪುಸ್ತಕ ಕೊಂಡೆ, ‘ರಿವ್‌ಸ್ಟಾರ್ಟ್’. ಇವರು ಹೇಳುವಾಗ ಅದು ‘ರೀವ್‌ಸ್ತಾಟ್’. ಒಂದೇ ಹೆಸರಿನಲ್ಲಿ ತ-ವೂ ಇದೆ, ಟ-ವೂ ಇದೆ, ನೋಡಿ. ಪಾಠದ ಪುಸ್ತಕ ಒಂದು, ಅಭ್ಯಾಸದ ಪುಸ್ತಕ ಇನ್ನೊಂದು, ಜೊತೆಗೆ ಕೇಳಲು ಧ್ವನಿ. ಒಳಗೆ ಇಂಗ್ಲಿಷಿನ ಒಂದು ಸಾಲೂ ಇಲ್ಲ, ಮೊದಲ ಪುಟದಿಂದಲೇ ಸ್ವೀಡಿಷ್. ಮೊದಲು ಸಿಟ್ಟು ಬಂತು. ಒಂದು ವಾರ ಕಪಾಟಿನಲ್ಲೇ ಬಿದ್ದಿತ್ತು. ಆದರೆ ನನ್ನ ಉಚ್ಚಾರಣೆ ತಿದ್ದಿದ್ದು ಈ ಪುಸ್ತಕವೇ, ಅದೂ ಅಡ್ಡದಾರಿಯಲ್ಲಿ. ಇಂಗ್ಲಿಷ್ ವಿವರಣೆ ಇಲ್ಲದ ಕಾರಣ ಪದದ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲು ಶುರು ಮಾಡಿದೆ.

ಆಗ ಬುದ್ಧಿ ಬಂತು. ನಾವು ಇಂಗ್ಲಿಷ್ ಮೂಲಕ ಸ್ವೀಡಿಷ್ ಕಲಿಯುವಾಗ ಕಂಡಕಂಡಲ್ಲಿ ಟ, ಡ ಹಾಕುತ್ತೇವೆ. ಥ್ಯಾಂಕ್ಸ್‌ಗೆ ‘ಟಕ್’ ಅನ್ನುತ್ತೇವೆ, ನೀನು ಅನ್ನುವುದಕ್ಕೆ ‘ಡು’ ಅನ್ನುತ್ತೇವೆ. ಇವರದ್ದು ‘ತಕ್’, ‘ದು’. ನಾಲಿಗೆ ಹಲ್ಲಿಗೇ ತಾಗಬೇಕು, ನಮ್ಮ ತ-ದ ಹಾಗೆ. ಅದಕ್ಕಿಂತ ಮೊದಲು ‘ಆರ್’ ಬಂದಾಗ ಮಾತ್ರ ಅದು ಮಡಚಿಕೊಂಡು ಟ, ಡ, ಣ, ಷ ಆಗುತ್ತದೆ. ‘ಬೂದ್’ ಅಂದರೆ ಸಣ್ಣ ಗೂಡಂಗಡಿ ಅಥವಾ ಶೆಡ್ಡು. ‘ಬೂಡ್’ ಅಂದರೆ ಮೇಜು. ಮಗುವಿಗೆ ‘ಬಾಣ್’, ನೂಲಿಗೆ ‘ಗಾಣ್’. ಕೊಡುವಾಗ ‘ತಗೊಳ್ಳಿ’ ಅನ್ನುವುದಕ್ಕೆ ‘ವಷೊಗೂದ್’. ಇಂಗ್ಲಿಷಿನವರಿಗೆ ಇದನ್ನು ಹೇಳಿಕೊಡಲು ಅರ್ಧ ಪುಟ ಬೇಕು. ನಮಗೆ ಒಂದು ಅಕ್ಷರ ಸಾಕು. ದಕ್ಷಿಣದ ಸ್ಕೋನೆ ಕಡೆಯವರು ಗಂಟಲಿನಿಂದ ‘ಆರ್’ ಹೊರಡಿಸುತ್ತಾರೆ, ಅವರಲ್ಲಿ ಈ ಆಟ ನಡೆಯುವುದಿಲ್ಲ. ಸ್ಟಾಕ್‌ಹೋಮಿನಲ್ಲೂ ಇಲ್ಲೂ ಧಾರಾಳವಾಗಿ ನಡೆಯುತ್ತದೆ.

ಒತ್ತಕ್ಷರದ್ದೂ ಅದೇ ಕತೆ. ಮೊದಲ ಬೇಸಿಗೆಯಲ್ಲಿ ಸ್ಲೊತ್ಸ್‌ಸ್ಕೂಗೆನ್ ಪಾರ್ಕಿನ ಕಿಟಕಿ ಅಂಗಡಿಯಲ್ಲಿ ಐಸ್‌ಕ್ರೀಮ್ ಕೇಳಿದೆ. ಹುಡುಗ ನೀರು ತುಂಬಿದ ಕಾಗದದ ಲೋಟ ಕೊಟ್ಟ. ತಪ್ಪು ನನ್ನದೇ. ನಾನು ಅಂದಿದ್ದು ‘ಗ್ಲಾಸ್’. ಅದು ಲೋಟ. ಐಸ್‌ಕ್ರೀಮ್ ಅಂದರೆ ‘ಗ್ಲಸ್ಸ್’. ಸ್ವರ ಗಿಡ್ಡ, ಸ-ಕಾರ ಒತ್ತು. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಬಾಯಿಪಾಠ ಇರುವ ನಮ್ಮಂಥವರು ಇಲ್ಲಿ ಎಡವಬಾರದು. ಎಡವಿದ್ದು ಯಾಕೆ ಅಂದರೆ ಆ್ಯಪ್ ನೋಡಿ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡಿದ್ದೆ.

ಹಾಗಾಗಿ ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಅಂಗಡಿಯಲ್ಲಿ ಸಿಗುವ ವಸ್ತುವೇ ಅಲ್ಲ. ಇನ್ನೂರು ಪುಟದ ರೂಲ್ಡ್ ನೋಟ್‌ಬುಕ್, ಅದರಲ್ಲಿ ಕನ್ನಡ ಲಿಪಿ. ಸ್ವೀಡನ್ನಿಗೆ ವಲಸೆ ಬಂದವರಿಗೆಂದೇ ಮಾಡಿದ ‘ಲೆಕ್ಸಿನ್’ ಅನ್ನುವ ಉಚಿತ ನಿಘಂಟು ಇದೆ, ಹಲವು ಭಾಷೆಗಳಲ್ಲಿ. ಕನ್ನಡ ಇಲ್ಲ. ಆದರೂ ಪದದ ಎಲ್ಲ ರೂಪಗಳನ್ನೂ ಕೊಟ್ಟು ಉಚ್ಚಾರ ಕೇಳಿಸುತ್ತದೆ. ಅದನ್ನು ಕೇಳಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಫೋನಿನಲ್ಲಿ ಸ್ವೀಡಿಷಿನಿಂದ ಸೀದಾ ಕನ್ನಡಕ್ಕೆ ಅನುವಾದ ಮಾಡಿಸಿದರೆ ಅರ್ಥ ಸಿಗುತ್ತದೆ, ‘ಎನ್’ ಜಾತಿಯೋ ‘ಎತ್’ ಜಾತಿಯೋ ಅನ್ನುವುದು ಸಿಗುವುದಿಲ್ಲ.

ಇನ್ನು ಸರ್ಕಾರಿ ತರಗತಿ, ಎಸ್‌ಎಫ್‌ಐ. ವಲಸೆ ಬಂದವರಿಗೆ ಸ್ವೀಡಿಷ್ ಅಂತ ಅದರ ಅರ್ಥ. ಇಲ್ಲಿನ ಪರ್ಸನಲ್ ನಂಬರ್, ಅಂದರೆ ನಿವಾಸಿಗಳಿಗೆ ಕೊಡುವ ಗುರುತಿನ ಸಂಖ್ಯೆ, ಕೈಗೆ ಬಂದ ಮೇಲೆ ನಿಮ್ಮ ಊರಿನ ಪುರಸಭೆಗೆ ಅರ್ಜಿ ಹಾಕಬೇಕು. ಫೀಸಿಲ್ಲ. ಎ ಯಿಂದ ಡಿ ತನಕ ನಾಲ್ಕು ಕೋರ್ಸ್. ಶಾಲೆಗೆ ಹೋಗದವರು ಎ ಯಿಂದ ಶುರು ಮಾಡುತ್ತಾರೆ, ಡಿಗ್ರಿ ಮಾಡಿದವರನ್ನು ಸಾಮಾನ್ಯವಾಗಿ ಸಿ ಗೆ ಹಾಕುತ್ತಾರೆ. ಡಿ ಮುಗಿಸಿದರೆ ಯುರೋಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಬಿ1, ಅಂದರೆ ಮಧ್ಯಮ ಹಂತ.

ನನ್ನದು ಸಂಜೆ ಬ್ಯಾಚ್, ವಾರಕ್ಕೆ ಎರಡು ದಿನ. ನಾನು ಹೋದ ಶಾಲೆಯಲ್ಲಿ ಒಂದೇ ವರ್ಷದಲ್ಲಿ ಮೂರು ಟೀಚರ್ ಬದಲಾದರು. ಪ್ರತಿಯೊಬ್ಬರೂ ‘ನಿಮ್ಮ ಹೆಸರೇನು, ಎಲ್ಲಿಂದ ಬಂದಿರಿ’ ಅಂತಲೇ ಮತ್ತೆ ಶುರು ಮಾಡಿದರು. ಎಂಟು ಗಂಟೆ ಕೆಲಸ ಮಾಡಿ, ಡಿಸೆಂಬರಿನ ಕತ್ತಲಲ್ಲಿ, ಮಳೆಯಲ್ಲಿ ಹೋಗಿ ಅದಕ್ಕೆ ನಾಲ್ಕನೇ ಸಲ ಉತ್ತರ ಹೇಳುವುದು ಬೇಜಾರು. ಆದರೂ ಬಿಡಬೇಡಿ ಅನ್ನುತ್ತೇನೆ. ಎರಡು ಕಾರಣ ಇವೆ. ಮೊದಲನೆಯದು ಪರೀಕ್ಷೆ. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು, ನಾಲ್ಕೂ ಇರುವ ರಾಷ್ಟ್ರೀಯ ಪರೀಕ್ಷೆ ಇದೆ ಅಂದಾಗ ಕೈಕಾಲು ಆಡುತ್ತವೆ. ಎರಡನೆಯದು ಪಕ್ಕದ ಬೆಂಚು. ನನ್ನ ಪಕ್ಕ ಕೂರುತ್ತಿದ್ದ ಸಿರಿಯಾದ ಹೆಂಗಸಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಅರಬಿ ಬರಲ್ಲ. ಇಬ್ಬರಿಗೂ ಇದ್ದದ್ದು ಹರಕುಮುರುಕು ಸ್ವೀಡಿಷ್ ಒಂದೇ. ಅವರ ಜೊತೆ ಆಡಿದಷ್ಟು ಸ್ವೀಡಿಷ್ ಮೊದಲ ವರ್ಷ ಯಾವ ಸ್ವೀಡಿಷರ ಜೊತೆಯೂ ಆಡಿಲ್ಲ.

ಇಲ್ಲಿನ ದೊಡ್ಡ ತೊಂದರೆಯೇ ಅದು. ಇವರ ಇಂಗ್ಲಿಷ್ ಬಹಳ ಚೆನ್ನಾಗಿದೆ. ನೀವು ಒಂದು ವಾಕ್ಯದಲ್ಲಿ ತಡವರಿಸಿದರೆ ಸಾಕು, ಸಹಾಯ ಮಾಡಲೆಂದೇ ಇಂಗ್ಲಿಷಿಗೆ ಜಾರುತ್ತಾರೆ.

ಅದಕ್ಕೇ ಟ್ಯೂಟರ್ ಇಟ್ಟುಕೊಂಡೆ. ವಿಡಿಯೋ ಕಾಲ್‌ನಲ್ಲಿ, ಗಂಟೆಗೆ 250 ಕ್ರೋನ. ಒಳ್ಳೆಯ ಹುಡುಗಿ. ಒಂದು ಉದಾಹರಣೆ ಹೇಳುತ್ತೇನೆ. ‘ಇಂತೆ’ ಅಂದರೆ ‘ಇಲ್ಲ’. ಅದು ಮುಖ್ಯ ವಾಕ್ಯದಲ್ಲಿ ಕ್ರಿಯಾಪದದ ನಂತರ, ಅಧೀನ ವಾಕ್ಯದಲ್ಲಿ ಮುಂಚೆ ಬರುತ್ತದೆ. ‘ಯಾ ಕೊಮ್ಮೆರ್ ಇಂತೆ’ ಅಂದರೆ ನಾನು ಬರಲ್ಲ. ‘ಎಫ್ತೆಷೊಮ್ ಯಾ ಇಂತೆ ಕೊಮ್ಮೆರ್’ ಅಂದರೆ ನಾನು ಬರದೇ ಇರುವುದರಿಂದ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ಮುಂದೆ ಹೋದರು. ಟ್ಯೂಟರ್ ನಾನು ತಪ್ಪಿದಾಗಲೆಲ್ಲ ಕೈ ಎತ್ತಿ ನಿಲ್ಲಿಸಿದಳು. ಹತ್ತು ವಾರದಲ್ಲಿ ಅದು ಬಾಯಿಗೆ ಬಂತು. 2,500 ಕ್ರೋನ ಖರ್ಚಾಯಿತು. ದಂಡ ಅಲ್ಲ, ಆದರೆ ಅವಳ ಎದುರು ಮಾತಾಡುವುದು ಪರೀಕ್ಷೆ ಕೊಟ್ಟ ಹಾಗೇ ಇರುತ್ತಿತ್ತು.

ಲೈಬ್ರರಿಯ ‘ಸ್ಪ್ರೋಕ್‌ಕಫೇ’ ಅದಕ್ಕೆ ಪೂರ್ತಿ ಉಲ್ಟಾ. ಭಾಷೆಯ ಕಾಫಿ ಕೂಟ ಅನ್ನಬಹುದು. ಇಲ್ಲಿನ ಬಹಳಷ್ಟು ಲೈಬ್ರರಿಗಳಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ, ಉಚಿತ. ನಿವೃತ್ತರು ಬಂದು ಕೂತು ಮಾತಾಡಿಸುತ್ತಾರೆ. ನಮ್ಮ ಮೇಜಿನ ಅಜ್ಜಿ ಎಂಬತ್ತು ದಾಟಿದವರು. ಮರ್ಯಾದೆ ಅಂತ ಅವರಿಗೆ ನಾನು ‘ನೀ’ ಅಂದೆ. ನೋಟ್‌ಬುಕ್ಕಿನಲ್ಲಿ ಅದರ ಎದುರು ‘ನೀವು’ ಅಂತ ಬರೆದುಕೊಂಡಿದ್ದೆ. ಅವರು ನಕ್ಕು, ‘ದು’ ಅನ್ನು, ನಾನೇನು ಗಿರಾಕಿಯಾ ಅಂದರು. 1960ರ ದಶಕದ ಕೊನೆಯಲ್ಲಿ ಇಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’ ಅನ್ನುವ ಬದಲಾವಣೆ ಆಯಿತಂತೆ. ವೈದ್ಯಕೀಯ ಇಲಾಖೆಯ ಮುಖ್ಯಸ್ಥ ಬ್ರೂರ್ ರೆಕ್ಸೆದ್ 1967ರಲ್ಲಿ ತನ್ನ ಸಿಬ್ಬಂದಿಗೆಲ್ಲ ‘ದು’ ಅನ್ನುತ್ತೇನೆ ಅಂದದ್ದು ಅದರ ಗುರುತಾಗಿ ಉಳಿದಿದೆ. ಎಂಬತ್ತರ ಅಜ್ಜಿಗೆ ನೀನು ಅನ್ನಲು ನನ್ನ ಬಾಯಿ ಇವತ್ತಿಗೂ ಸ್ವಲ್ಪ ತಡೆಯುತ್ತದೆ.

ಸಂಬಂಧಗಳ ವಿಷಯ ಬಂದಾಗ ಮಾತ್ರ ಊರಿಗೆ ಹೋದ ಹಾಗಾಯಿತು. ಅಮ್ಮನ ಅಮ್ಮ ‘ಮುರ್ಮುರ್’, ಅಪ್ಪನ ಅಮ್ಮ ‘ಫರ್ಮುರ್’, ಅಮ್ಮನ ತಮ್ಮ ಒಬ್ಬ, ಅಪ್ಪನ ತಮ್ಮ ಇನ್ನೊಬ್ಬ. ಸೋದರಮಾವನನ್ನೂ ಚಿಕ್ಕಪ್ಪನನ್ನೂ ಒಂದೇ ‘ಅಂಕಲ್’ ಡಬ್ಬಿಗೆ ಹಾಕುವುದಿಲ್ಲ. ಅವತ್ತು ಅಜ್ಜಿಯ ಜೊತೆ ಒಂದೂವರೆ ಗಂಟೆ ಮಾತಾಡಿದೆ, ಬರೀ ಸ್ವೀಡಿಷಿನಲ್ಲಿ. ವ್ಯಾಕರಣ ಎಷ್ಟು ಸರಿ ಇತ್ತೋ ದೇವರೇ ಬಲ್ಲ. ಟ್ಯೂಟರಾ, ಕೂಟವಾ ಅಂತ ಕೇಳಿದರೆ ನನ್ನ ಓಟು ಕೂಟಕ್ಕೆ. ತಪ್ಪು ತಿದ್ದಿಸಿಕೊಳ್ಳಲು ಬೇಕಾದಾಗ ಹತ್ತು ವಾರ ಟ್ಯೂಟರ್ ಸಾಕು.

ಮನೆಯಲ್ಲಿ ಕೇಳಲು, ಓದಲು ಎರಡು ಇವೆ. ‘ಒತ್ತ ಸೀದೊರ್’, ಅಂದರೆ ಎಂಟು ಪುಟ, 1984ರಿಂದ ಬರುತ್ತಿರುವ ಸರಳ ಸ್ವೀಡಿಷ್ ಪತ್ರಿಕೆ. ನೆಟ್‌ನಲ್ಲಿ ಉಚಿತ. ಇನ್ನೊಂದು ಸ್ವೀಡಿಷ್ ರೇಡಿಯೋದವರ ಸರಳ ಸುದ್ದಿ, ಐದೇ ನಿಮಿಷ, ನಿಧಾನವಾಗಿ ಓದುತ್ತಾರೆ. ನಾನು ಪತ್ರಿಕೆಯಿಂದ ಶುರು ಮಾಡಿ ರೇಡಿಯೋಕ್ಕೆ ಬಂದೆ. ಈಗ ಅನ್ನಿಸುತ್ತದೆ, ಉಲ್ಟಾ ಮಾಡಬೇಕಿತ್ತು. ಈ ಭಾಷೆಯಲ್ಲಿ ಬರೆದದ್ದೊಂದು, ಹೇಳುವುದೊಂದು. ‘ಅವರು’ ಅನ್ನುವುದಕ್ಕೆ ಬರೆಯುವುದು ‘ದೇ’ ಅನ್ನುವ ಹಾಗೆ, ಹೇಳುವುದು ‘ದೊಮ್’. ಕಣ್ಣು ಮೊದಲು ಕಲಿತರೆ ಕಿವಿ ಹಿಂದೆ ಬೀಳುತ್ತದೆ.

ನಾರ್ವೆಗೆ ಹೊರಟವರಿಗೆ ಒಂದು ಮಾತು. ತ್ರೋನ್‌ಹೈಮಿನ ಎನ್‌ಟಿಎನ್‌ಯು ವಿಶ್ವವಿದ್ಯಾಲಯ ನಾರ್ವೇಜಿಯನ್ ಪಾಠಗಳನ್ನು ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ, ಅದರಿಂದ ಶುರು ಮಾಡಿ. ಓಸ್ಲೋ ಕಡೆಯ ಮಾತಿನಲ್ಲೂ ಈ ಟ-ಡ-ಣ ಆಟ ಇದೆ, ನಿಮ್ಮ ನೋಟ್‌ಬುಕ್ ಅಲ್ಲೂ ಕೆಲಸಕ್ಕೆ ಬರುತ್ತದೆ. ಡೆನ್ಮಾರ್ಕಿಗೆ ಹೋಗುವವರ ಬಗ್ಗೆ ನನಗೆ ಬರೀ ಕನಿಕರ. ಅಲ್ಲಿ ಐವತ್ತಕ್ಕೆ ಇರುವ ಪದದ ಮೂಲ ಲೆಕ್ಕ ‘ಎರಡೂವರೆ ಸಲ ಇಪ್ಪತ್ತು’.

ನೋಟ್‌ಬುಕ್ಕೂ ಸೋಲುವ ಜಾಗ ಇದೆ, ಅದನ್ನು ಮುಚ್ಚಿಡುವುದು ಬೇಡ. ಒಂದೇ ಪದವನ್ನು ಎರಡು ರಾಗದಲ್ಲಿ ಹೇಳಿದರೆ ಒಂದು ಬಾತುಕೋಳಿ, ಇನ್ನೊಂದು ಆತ್ಮ. ಆ ರಾಗಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ. ಇನ್ನು ‘ಏಳು’ ಅನ್ನುವ ಸಂಖ್ಯೆಯ ಮೊದಲ ಸದ್ದು. ಹ-ವೂ ಅಲ್ಲ, ಶ-ವೂ ಅಲ್ಲ, ಬಿಸಿ ಕಾಫಿಯನ್ನು ಊದಿದ ಹಾಗೆ. ಅದರ ಎದುರು ಮೂರು ವರ್ಷದಿಂದ ಖಾಲಿ ಬಿಟ್ಟಿದ್ದೇನೆ. ಇಲ್ಲಿ ಏಳನೇ ನಂಬರಿನ ಟ್ರಾಮ್ ಹೋಗುವ ಒಂದು ಬಡಾವಣೆಯ ಹೆಸರಿನಲ್ಲೂ ಅದೇ ಸದ್ದಿದೆ. ಹೋದ ವಾರ ಸ್ಟಾಪಿನಲ್ಲಿ ಒಬ್ಬರು ಆ ಕಡೆ ಹೋಗಲು ಯಾವ ಟ್ರಾಮ್ ಅಂತ ಸ್ವೀಡಿಷಿನಲ್ಲಿ ಕೇಳಿದರು. ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಎರಡು ಬೆರಳು ಎತ್ತಿ ತೋರಿಸಿದೆ.